ಮನೆಯಲ್ಲೇ ಓದಬಹುದಾದದ್ದನ್ನು ನೋಡಲು ಬ್ರಸೆಲ್ಸಿನಲ್ಲಿ ಎರಡು ದಿನ ಏಕೆ ಕಳೆದಿರಿ?

ಮದುವೆಯ ಊಟದ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಒಮ್ಮೆ ಕದ್ರಿ ದೇವಸ್ಥಾನದ ಮೆಟ್ಟಿಲುಗಳ ಮೇಲೆ ಕೂಡ ನನಗೆ ಎದುರಾಗಿರುವ ಪ್ರಶ್ನೆ ಒಂದೇ. "ಅಲ್ಲ ಮಾರಾಯ್ರೆ, ಮಗಳ ಮನೆಗೆಂದು ಬೆಲ್ಜಿಯಮಿಗೆ ಹೋದವರು, ನೋಡಲಿಕ್ಕೆ ಅಷ್ಟೆಲ್ಲ ಇರುವಾಗ ಎರಡು ದಿನ ಕಾಮಿಕ್ಸ್ ಮ್ಯೂಸಿಯಮಿನಲ್ಲೇ ಇದ್ದಿರಂತೆ! ಕಾಮಿಕ್ಸನ್ನು ಮನೆಯಲ್ಲಿ ಮಲಗಿಕೊಂಡೇ ಓದಬಹುದಲ್ಲ?" ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ, ಮತ್ತು ಪ್ರಶ್ನೆ ನ್ಯಾಯವಾಗಿಯೇ ಇದೆ. ನಿಂತಲ್ಲೇ ಎರಡು ಮಾತಿನಲ್ಲಿ ಉತ್ತರಿಸಲು ನನಗೆ ಸಾಧ್ಯವಾಗದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಉತ್ತರದ ಬೇರು ಮಂಗಳೂರಿನಲ್ಲಿಯೇ ಇದೆ. ನನ್ನ ತಂದೆ ರಥಬೀದಿಯ ಹತ್ತಿರ ಒಂದು ಸಣ್ಣ ಅಚ್ಚುಕೂಟ ನಡೆಸುತ್ತಿದ್ದರು. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಅಂಗಡಿಗಳ ಬಿಲ್ ಪುಸ್ತಕ, ದೀಪಾವಳಿಯ ಹೊತ್ತಿಗೆ ಒಂದೆರಡು ವಿಶೇಷ ಸಂಚಿಕೆ, ಇಷ್ಟು ಅಲ್ಲಿಯ ಕೆಲಸ. ಅಕ್ಷರಗಳನ್ನು ಸೀಸದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಬಹುದಿತ್ತು; ಚಿತ್ರ ಬೇಕಾದರೆ ಮಾತ್ರ ಕಲಾವಿದರು ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದುಕೊಟ್ಟದ್ದನ್ನು ಬ್ಲಾಕ್ ಮಾಡುವವರಿಗೆ ಕಳುಹಿಸಬೇಕಾಗುತ್ತಿತ್ತು. ಅವರು ಆ ಚಿತ್ರದ ಫೋಟೊ ತೆಗೆದು, ಅದನ್ನು ಸತುವಿನ ತಗಡಿನ ಮೇಲೆ ಮೂಡಿಸಿ, ಗೆರೆಯಿಲ್ಲದ ಜಾಗವನ್ನೆಲ್ಲ ಆಮ್ಲದಲ್ಲಿ ಕೊರೆಸಿ, ಉಬ್ಬಿ ನಿಂತ ತಗಡನ್ನು ಮರದ ತುಂಡಿಗೆ ಹೊಡೆದು ಕೊಡುತ್ತಿದ್ದರು. ಅಚ್ಚಿನಲ್ಲಿ ಬರುವ ಅಳತೆಗಿಂತ ಚಿತ್ರವನ್ನು ದೊಡ್ಡದಾಗಿ ಬರೆಯುವುದು ರೂಢಿ, ಏಕೆಂದರೆ ಚಿಕ್ಕದಾದಾಗ ಗೆರೆಯ ಅಂಕುಡೊಂಕು ಅಡಗುತ್ತದೆ. ಬ್ಲಾಕುಗಳು ಮರದ ಖಾನೆಯಲ್ಲಿ ಜೋಪಾನವಾಗಿ ಉಳಿಯುತ್ತಿದ್ದವು. ಕಾಗದದ ಚಿತ್ರ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಇಂಥ ಮನೆಯಲ್ಲಿ ಬೆಳೆದವನಿಗೆ ಅಂಗಡಿಯಲ್ಲಿ ಸಿಗುವ ಚಿತ್ರಕಥೆಯ ಪುಸ್ತಕ ಪ್ರತಿಯೇ ಹೊರತು ಮೂಲವಲ್ಲ ಎಂಬುದು ಚಿಕ್ಕಂದಿನಿಂದ ಗೊತ್ತು. ಓದುವುದಕ್ಕೆ ಪ್ರತಿ ಸಾಕು. ಅದಕ್ಕಾಗಿ ಬ್ರಸೆಲ್ಸಿಗೆ ಹೋಗಬೇಕಾಗಿಲ್ಲ. ನಾನು ಹೋದದ್ದು ಕಲಾವಿದನ ಕೈ ಮುಟ್ಟಿದ ಹಾಳೆಯನ್ನು ನೋಡಲಿಕ್ಕೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡುವವರು ನಡುವೆ ಎದ್ದು, ವೇಷ ಕಟ್ಟುವ ಚೌಕಿಗೆ ಹೋಗಿ, ಬಣ್ಣದ ವೇಷದವರು ಮುಖಕ್ಕೆ ಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಚುಕ್ಕೆಯಾಗಿ ಇಡುವುದನ್ನು ಗಂಟೆಗಟ್ಟಲೆ ನೋಡುತ್ತ ನಿಲ್ಲುತ್ತಾರಲ್ಲ, ಅವರನ್ನು ಯಾರೂ ಏಕೆಂದು ಕೇಳುವುದಿಲ್ಲ. ನನ್ನದೂ ಅದೇ ಆಸೆ.

ಬ್ರಸೆಲ್ಸಿನ ಮುಖ್ಯ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಬೀದಿಯಲ್ಲಿ, 1989ರ ಅಕ್ಟೋಬರಿನಲ್ಲಿ ತೆರೆದ ಈ ಸಂಗ್ರಹಾಲಯ ಇದೆ. ಕಟ್ಟಡ ಅದಕ್ಕಿಂತ ಬಹಳ ಹಳೆಯದು. ವಿಕ್ಟರ್ ಹೋರ್ತಾ ಎಂಬ ಹೆಸರಾಂತ ವಾಸ್ತುಶಿಲ್ಪಿ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ವಾಕೆ ಎಂಬ ಬಟ್ಟೆ ವ್ಯಾಪಾರಿಗಾಗಿ ಇದನ್ನು ಕಟ್ಟಿದರು; 1906ರಲ್ಲಿ ಅದು ಪೂರ್ಣಗೊಂಡಿತು. ಬಳ್ಳಿಯಂತೆ ಬಳುಕುವ ಕಬ್ಬಿಣದ ಕಟಾಂಜನ, ಅಗಲವಾದ ಕಲ್ಲಿನ ಮೆಟ್ಟಿಲು, ನೆತ್ತಿಯ ಮೇಲೆ ಗಾಜಿನ ಮಾಡು. ಬಟ್ಟೆಯ ಬಣ್ಣವನ್ನು ಹಗಲ ಬೆಳಕಿನಲ್ಲಿ ನೋಡಿ ಕೊಳ್ಳುವವರಿಗೆ ಹೇಳಿ ಮಾಡಿಸಿದಂಥ ಅಂಗಡಿ. 1970ರಲ್ಲಿ ಆ ಅಂಗಡಿ ಮುಚ್ಚಿ, ಕಟ್ಟಡ ಪಾಳುಬಿದ್ದಿತು. ಹೋರ್ತಾ ಕಟ್ಟಿದ ಬೇರೆ ಕೆಲವು ಒಳ್ಳೆಯ ಕಟ್ಟಡಗಳು ಅದಕ್ಕೂ ಮೊದಲೇ ನೆಲಸಮವಾಗಿದ್ದವು. ಇದನ್ನು 1975ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಿಸಿದ್ದರಿಂದ ಇದು ಉಳಿಯಿತು, ಮುಂದೆ ಚಿತ್ರಕಥೆಗಳ ಮನೆಯಾಯಿತು. ಬಾಗಿಲು ದಾಟಿದೊಡನೆ ಸಿಗುವ ದೊಡ್ಡ ಹಜಾರದಲ್ಲಿ, ಬೆಲ್ಜಿಯಮಿನ ಹೆಸರಾಂತ ಚಿತ್ರಕಥೆಗಳ ನಾಯಕ ಟಿನ್‌ಟಿನ್ ಚಂದ್ರನಿಗೆ ಹೋದ ಕೆಂಪು ಬಿಳಿ ಚೌಕಳಿಯ ರಾಕೆಟ್ಟಿನ ಮಾದರಿ ನಿಂತಿದೆ. ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಮೊದಲ ದಿನವನ್ನು ನಾನು ಓದುವುದರಲ್ಲಿ ಕಳೆದುಕೊಂಡೆ ಎಂದೇ ಹೇಳಬೇಕು. ಪ್ರತಿಯೊಂದು ಹಾಳೆಯ ಮುಂದೆ ನಿಂತು, ನನಗೆ ಬಾರದ ಫ್ರೆಂಚ್ ಭಾಷೆಯ ಮಾತಿನ ಗುಳ್ಳೆಗಳನ್ನು ಮಗಳಿಂದ ಓದಿಸಿ ಕಥೆ ತಿಳಿಯಲು ಹೆಣಗಾಡಿ, ಸಂಜೆಯ ಹೊತ್ತಿಗೆ ಇಬ್ಬರೂ ದಣಿದೆವು. ಮರುದಿನ ಮಗಳು ಕೆಲಸಕ್ಕೆ ಹೋದಳು, ನಾನೊಬ್ಬನೇ ಹೋದೆ. ಓದಿ ಹೇಳುವವರು ಇಲ್ಲದ ಮೇಲೆ ಕಣ್ಣು ತಾನಾಗಿ ಗೆರೆಯ ಕಡೆಗೆ ಹೋಯಿತು.

ಮುದ್ರಿತ ಪುಟದಲ್ಲಿ ಕಪ್ಪೆಂದರೆ ಎಲ್ಲ ಕಡೆ ಒಂದೇ ಕಪ್ಪು. ಮೂಲದ ಹಾಳೆಯಲ್ಲಿ ಹಾಗಿಲ್ಲ. ಕುಂಚ ಶಾಯಿಯಲ್ಲಿ ಅದ್ದಿ ಬಂದ ಹೊಸತರಲ್ಲಿ ಕಪ್ಪು ದಟ್ಟವಾಗಿದ್ದು, ಮುಂದೆ ಮುಂದೆ ಒಣಗುತ್ತ ಹೋದದ್ದು ಕಾಣುತ್ತದೆ. ನಿಬ್ಬಿನ ಗೆರೆ ಎಲ್ಲಿ ಮೊದಲಾಯಿತು, ಎಲ್ಲಿ ಕೈಯೆತ್ತಿ ಮತ್ತೆ ಇಟ್ಟರು ಎಂಬುದು ತಿಳಿಯುತ್ತದೆ. ಓಡುವ ಹುಡುಗನೊಬ್ಬನ ಕಾಲನ್ನು ಬಿಳಿ ಬಣ್ಣದಿಂದ ಮುಚ್ಚಿ, ಅದರ ಮೇಲೆ ಮತ್ತೊಂದು ಕಾಲನ್ನು ಬರೆದಿದ್ದರು. ಬಗ್ಗಿ ಓರೆಯಾಗಿ ನೋಡಿದಾಗ ಬಿಳಿಯ ಅಡಿಯಲ್ಲಿ ಹಳೆಯ ಕಾಲು ಮಸುಕಾಗಿ ಕಾಣಿಸಿತು. ಹೊಸ ಕಾಲು ಒಂದು ಬೆರಳಿನಷ್ಟು ಮುಂದಿತ್ತು, ಮತ್ತು ಆ ಒಂದು ಬೆರಳಿನಿಂದಲೇ ಹುಡುಗ ನಡೆಯುವುದನ್ನು ಬಿಟ್ಟು ಓಡತೊಡಗಿದ್ದ. ಪುಸ್ತಕದಲ್ಲಿ ಇದು ಎಂದಿಗೂ ಕಾಣುವುದಿಲ್ಲ, ಕಾಣಬಾರದೆಂದೇ ಬಿಳಿ ಬಳಿದದ್ದು. ಅಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೆಂದರೆ ಕಾವಲಿನವರು ಎರಡು ಸಲ ಹತ್ತಿರ ಬಂದು ನೋಡಿ ಹೋದರು.

ಕೆಲವು ಹಾಳೆಗಳಲ್ಲಿ ತಿಳಿನೀಲಿ ಪೆನ್ಸಿಲಿನ ಗೆರೆಗಳು ಹಾಗೆಯೇ ಉಳಿದಿರುತ್ತವೆ. ಅಳಿಸುವುದನ್ನು ಮರೆತದ್ದಲ್ಲ. ಮುದ್ರಣಕ್ಕಾಗಿ ಫೋಟೊ ತೆಗೆಯುತ್ತಿದ್ದ ಫಿಲ್ಮಿಗೆ ತಿಳಿನೀಲಿಯೂ ಬಿಳಿಯೂ ಒಂದೇ ಆಗಿ ಕಾಣುತ್ತಿದ್ದುದರಿಂದ, ಕಲಾವಿದರು ಮೊದಲ ಕರಡನ್ನು ನೀಲಿಯಲ್ಲಿ ಬರೆದು ಅದರ ಮೇಲೆಯೇ ಶಾಯಿ ಎಳೆಯಬಹುದಿತ್ತು. ಇನ್ನು ಬಣ್ಣ. ಬೆಲ್ಜಿಯಮ್ ಮತ್ತು ಫ್ರಾನ್ಸಿನಲ್ಲಿ ಬಹುಕಾಲದವರೆಗೆ ಬಣ್ಣವನ್ನು ಮೂಲದ ಹಾಳೆಯ ಮೇಲೆ ಹಾಕುತ್ತಲೇ ಇರಲಿಲ್ಲ. ಗೆರೆಗಳನ್ನು ಮಾಸಲು ನೀಲಿಯಲ್ಲಿ ಇನ್ನೊಂದು ಹಾಳೆಗೆ ಅಚ್ಚು ಹಾಕಿ, ಅದರ ಮೇಲೆ ಬಣ್ಣ ತುಂಬಿ, ಕಪ್ಪು ಗೆರೆಯ ಪಾರದರ್ಶಕ ಫಿಲ್ಮನ್ನು ಮೇಲೆ ಇಟ್ಟು ಹೊಂದಿಸುತ್ತಿದ್ದರು. ಎಷ್ಟೋ ಸಲ ಬಣ್ಣ ತುಂಬುವವರು ಬೇರೆಯೇ ಜನ; ಅವರಲ್ಲಿ ಅನೇಕರು ಹೆಂಗಸರು, ಹೆಚ್ಚಿನವರ ಹೆಸರು ಪುಸ್ತಕದ ಮೇಲೆ ಬರಲೇ ಇಲ್ಲ. ನಮ್ಮ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರ ಹೆಸರೂ ಎಲ್ಲಿಯೂ ಬರಲಿಲ್ಲ.

ಕೋಣೆಗಳಲ್ಲಿ ಬೆಳಕು ಮಂದವಾಗಿದೆಯಲ್ಲ ಎಂದು ಮೊದಲ ದಿನ ಮಗಳು ಕೇಳಿದ್ದಳು. ಕಾಗದದ ಮೇಲಿನ ಚಿತ್ರಗಳ ಮೇಲೆ, ಬೆಳಕಿನ ಅಳತೆಯಲ್ಲಿ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ನಿಯಮ. ನಮ್ಮ ಕಚೇರಿಗಳ ಮೇಜಿನ ಮೇಲೆ ಅದರ ಆರೇಳು ಪಟ್ಟು ಬೆಳಕಿರುತ್ತದೆ. ಇಂಗಾಲದಿಂದ ಮಾಡಿದ ಕಪ್ಪು ಶಾಯಿ ಬೆಳಕಿಗೆ ಹೆದರುವುದಿಲ್ಲ, ಆದರೆ ಬಣ್ಣದ ಶಾಯಿ ಮಾಸುತ್ತದೆ, ಕಾಗದ ಹಳದಿಯಾಗುತ್ತದೆ, ತೇಪೆ ಹಚ್ಚಿದ ಅಂಟು ಕಂದಾಗಿ ಹೊರಗೆ ಇಣುಕುತ್ತದೆ. ಆದ್ದರಿಂದ ಮೂಲದ ಹಾಳೆಗಳನ್ನು ಕೆಲವು ಕಾಲ ಮಾತ್ರ ಗೋಡೆಗೆ ಹಾಕಿ, ಮತ್ತೆ ಕತ್ತಲಿಗೆ ಕಳುಹಿಸಿ, ಬೇರೆಯವನ್ನು ತರುತ್ತಾರೆ. ಹಗಲ ಬೆಳಕನ್ನು ಬರಮಾಡಿಕೊಳ್ಳಲು ಕಟ್ಟಿದ ಮನೆಯೊಳಗೆ ಹಗಲ ಬೆಳಕನ್ನು ತಾಳಲಾರದ ವಸ್ತುಗಳನ್ನು ಹೀಗೆ ಕಾಪಾಡುತ್ತಿದ್ದಾರೆ. ಅದಕ್ಕೆ ಹಿಡಿಯುವ ಶ್ರಮದ ಬಗ್ಗೆ ನನಗೆ ಬಹಳ ಗೌರವ ಮೂಡಿತು.

ಒಂದು ಹಾಳೆಗೆ ಇಷ್ಟೆಲ್ಲ ಉಪಚಾರವೇಕೆ ಎಂದು ಕೇಳುವವರಿಗೆ ನಾನು ಒಂದು ನಿಜ ಸಂಗತಿಯನ್ನು ಹೇಳುತ್ತೇನೆ. ಟಿನ್‌ಟಿನ್‌ನ ಸೃಷ್ಟಿಕರ್ತ ಎರ್ಜೆ (ಅವರ ನಿಜವಾದ ಹೆಸರು ಜಾರ್ಜ್ ರೆಮಿ; ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ಫ್ರೆಂಚಿನಲ್ಲಿ ಉಚ್ಚರಿಸಿದರೆ ಎರ್ಜೆ) 1936ರಲ್ಲಿ ಅದೇ ಮಾಲೆಯ 'ನೀಲಿ ಕಮಲ'ದ ಕಥೆಗೆ ಮುಖಪುಟವೊಂದನ್ನು ಬರೆದರು. ಅಷ್ಟು ಬಣ್ಣಗಳನ್ನು ಮುದ್ರಿಸುವುದಕ್ಕೆ ಖರ್ಚು ಹೆಚ್ಚೆಂದು ಪ್ರಕಾಶಕರು ಅದನ್ನು ಬಳಸಲಿಲ್ಲ. ಚಿತ್ರ ಮಡಿಕೆಯಾಗಿ ಪ್ರಕಾಶಕರ ಕುಟುಂಬದಲ್ಲಿಯೇ ದಶಕಗಟ್ಟಲೆ ಉಳಿಯಿತು. 2021ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಅದು ಸುಮಾರು 32 ಲಕ್ಷ ಯೂರೊಗೆ ಹೋಯಿತು, ಮಡಿಕೆಯ ಗುರುತುಗಳ ಸಮೇತ. ಬೆಲೆಯಿಂದ ಕಲೆಯನ್ನು ಅಳೆಯುವವನು ನಾನಲ್ಲ. ಆದರೆ ಮುದ್ರಣದ ಖರ್ಚು ಲೆಕ್ಕ ಹಾಕಿ ಪಕ್ಕಕ್ಕಿಟ್ಟ ಕಾಗದವೇ ಮುಂದೆ ಎಲ್ಲ ಮುದ್ರಿತ ಪ್ರತಿಗಳಿಗಿಂತ ದೊಡ್ಡದಾಯಿತು ಎಂಬುದು ಅಚ್ಚುಕೂಟದ ಮಗನಾದ ನನ್ನನ್ನು ಬಹಳ ಕಾಡಿದೆ.

"ಅದೆಲ್ಲ ಅವರ ಸಂಸ್ಕೃತಿ, ನಮಗೂ ಅದಕ್ಕೂ ಏನು ಸಂಬಂಧ?" ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಮಂಗಳೂರಿನವರು ಹೀಗೆ ಕೇಳಬಾರದು ಎಂದು ನನಗೆ ಅನ್ನಿಸುತ್ತದೆ. ಆಧುನಿಕ ಚಿತ್ರಕಥೆಯ ಮೂಲಪುರುಷರೆಂದು ಅನೇಕರು ಒಪ್ಪುವ ರೊಡಾಲ್ಫ್ ಟೋಫರ್ ಸ್ವಿಟ್ಜರ್ಲೆಂಡಿನ ಜಿನೀವಾದ ಶಾಲಾ ಮೇಷ್ಟ್ರು. ಅವರು ತಮ್ಮ ಚಿತ್ರಕಥೆಯೊಂದನ್ನು ಮೊದಲ ಬಾರಿಗೆ 1833ರಲ್ಲಿ ಅಚ್ಚು ಹಾಕಿಸಿದ್ದು ಕಲ್ಲಚ್ಚಿನಲ್ಲಿ. ವಿಶೇಷ ಕಾಗದದ ಮೇಲೆ ಬರೆದದ್ದು ಕಲ್ಲಿಗೆ ಇಳಿಯುತ್ತಿದ್ದುದರಿಂದ ಅಕ್ಷರವನ್ನು ತಿರುವಿ ಬರೆಯಬೇಕಾಗಿರಲಿಲ್ಲ, ಗೆರೆಯೂ ಅಕ್ಷರವೂ ಒಂದೇ ಕೈಯಿಂದ, ಒಂದೇ ಲೇಖನಿಯಿಂದ ಬರಬಹುದಿತ್ತು. ಚಿತ್ರಕಥೆ ಹುಟ್ಟಿದ್ದೇ ಈ ಸೌಕರ್ಯದಿಂದ ಎಂದರೂ ತಪ್ಪಲ್ಲ. ಅದಾಗಿ ಹತ್ತು ವರ್ಷಕ್ಕೆ, 1843ರ ಜುಲೈ 1ರಂದು, ಅದೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದರು, ಅದೂ ಕಲ್ಲಚ್ಚಿನಲ್ಲಿಯೇ. ಕಲ್ಲಿನ ಮೇಲೆ ಕೈಬರಹವನ್ನು ಮೂಡಿಸುವ ವಿದ್ಯೆ ಜಿನೀವಾದಲ್ಲಿ ನಗೆಚಿತ್ರವಾದರೆ ನಮ್ಮಲ್ಲಿ ಸುದ್ದಿಯಾಯಿತು.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಹೋದವರು ಕತ್ತೆತ್ತಿ ನೋಡಿದ್ದಾರು. 19ನೆಯ ಶತಮಾನ ಮುಗಿದು 20ನೆಯದು ಮೊದಲಾಗುವ ಹೊತ್ತಿನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಅಲ್ಲಿಯ ಮೇಲ್ಛಾವಣಿಯಲ್ಲಿ ಸಂತನ ಬದುಕನ್ನು ಒಂದರ ನಂತರ ಒಂದು ಚೌಕಟ್ಟಿನಲ್ಲಿ ಬರೆದಿದ್ದಾರೆ. ಚಿತ್ರದಿಂದ ಚಿತ್ರಕ್ಕೆ ಹೋಗುತ್ತ ಕಥೆಯನ್ನು ಕಟ್ಟಿಕೊಳ್ಳುವುದು ನೋಡುವವರ ಕೆಲಸ. ಚಿತ್ರಕಥೆ ಓದುವವರ ಕಣ್ಣು ಮಾಡುವುದೂ ಇದನ್ನೇ.

ಎಲ್ಲಕ್ಕಿಂತ ಹತ್ತಿರದ ನಂಟು ಕಾರ್ಕಳದ್ದು. 'ಅಮರ ಚಿತ್ರಕಥೆ'ಯ ಅನಂತ ಪೈ 1929ರಲ್ಲಿ ಹುಟ್ಟಿದ್ದು ಅಲ್ಲಿ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, 12ನೆಯ ವಯಸ್ಸಿಗೆ ಮುಂಬಯಿ ಸೇರಿದರು. ಅವರ 'ಕೃಷ್ಣ' ಆ ಮಾಲೆಯ ಮೊದಲ ಪುಸ್ತಕವೆಂದು ನಾವೆಲ್ಲ ತಿಳಿದಿದ್ದೇವೆ, ಆದರೆ ಅದರ ಸಂಖ್ಯೆ 11. ಅದಕ್ಕೂ ಮೊದಲಿನ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕಥೆಗಳಾಗಿದ್ದು, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದಿದ್ದವು. ಕೋಟ್ಯಂತರ ಮಕ್ಕಳು ಓದಿದ ಒಂದು ಮಾಲೆಯ ಆರಂಭ ಕನ್ನಡದಲ್ಲಿ ಎಂಬುದು ಕನ್ನಡಿಗರಲ್ಲಿಯೇ ಎಷ್ಟು ಜನಕ್ಕೆ ಗೊತ್ತು? ಇದನ್ನು ಒಂದು ಗೋಡೆಯ ಮೇಲೆ, ಮೂಲ ಹಾಳೆಗಳ ಜೊತೆಗೆ, ಕಾರ್ಕಳದಲ್ಲಿಯೋ ಉಡುಪಿಯಲ್ಲಿಯೋ ಮಕ್ಕಳಿಗೆ ತೋರಿಸಬೇಕು ಎಂಬುದು ನನ್ನ ಮನಸ್ಸಿನಲ್ಲಿರುವ ದೊಡ್ಡ ಆಸೆ. ಅಲ್ಲಿಯವರೆಗೆ, ಬ್ರಸೆಲ್ಸ್ ದೂರವೆನ್ನುವವರು ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆಯ ಬಳಿಯ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಹೋಗಿ ಬರಲಿ. ಅಲ್ಲಿ ತೋರಿಸುವುದು ಹೆಚ್ಚಾಗಿ ವ್ಯಂಗ್ಯಚಿತ್ರಗಳನ್ನು, ಆದರೂ ನಿಬ್ಬಿನ ಗೆರೆಯನ್ನು ಹತ್ತಿರದಿಂದ ನೋಡುವ ಅಭ್ಯಾಸ ಅಲ್ಲಿಂದಲೇ ಆಗಬಹುದು.

ನಮ್ಮ ವಠಾರದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಚಿತ್ರಕಥೆ ಬರೆಯುತ್ತಾಳೆ. ಎಲ್ಲರೂ ಕೇಳುವ ಪ್ರಶ್ನೆಯನ್ನು ಕೇಳದೆ ಅವಳು ಕೇಳಿದ್ದು ಬೇರೆ: "ಅಜ್ಜ, ತಪ್ಪಾದ ಕಾಗದವನ್ನು ಸಹ ಅವರು ಇಟ್ಟಿದ್ದಾರಾ?" ಇಟ್ಟಿದ್ದಾರೆ ಮಗಾ ಎಂದು ಓಡುವ ಹುಡುಗನ ಎರಡು ಕಾಲುಗಳ ಬಗ್ಗೆ ಹೇಳಿದೆ. ಆಮೇಲೆ ಕಪಾಟಿನಿಂದ ನನ್ನ ತಂದೆಯ ಕಾಲದ ಒಂದು ಬ್ಲಾಕನ್ನು ತೆಗೆದು ಅವಳ ಕೈಗೆ ಕೊಟ್ಟೆ. ದೀಪಾವಳಿ ಸಂಚಿಕೆಯೊಂದಕ್ಕೆ ಮಾಡಿಸಿದ ಮೂರು ಚೌಕಟ್ಟಿನ ಚಿತ್ರಕಥೆ ಅದು. ಅಕ್ಷರಗಳೆಲ್ಲ ತಿರುವಾಗಿರುವುದರಿಂದ ಅವಳು ಕನ್ನಡಿಗೆ ಹಿಡಿದು ಓದಿದಳು. ಓದಿ ಮುಗಿಸಿ, ಇದರ ಕಾಗದ ಎಲ್ಲಿದೆ ಎಂದು ಕೇಳಿದಳು. ಬ್ಲಾಕ್ ಬಂದ ಮೇಲೆ ಚಿತ್ರದ ಕಾಗದದಿಂದ ನಾವು ಯಂತ್ರದ ರೋಲರಿನ ಶಾಯಿ ಒರೆಸುತ್ತಿದ್ದೆವು, ಆ ಕೆಲಸ ನನ್ನದಾಗಿತ್ತು ಎಂದು ಅವಳಿಗೆ ಹೇಳಿದೆ.