ಐದು ಗಂಟೆಗೆ ಕತ್ತಲಾಗುವ ಊರಿನಲ್ಲಿ

ಅಂಡಮಾನಿನಲ್ಲಿ ಮೊದಲು ಕೈಕೊಡುವುದು ನಮ್ಮ ಗಡಿಯಾರ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಬೆಂಗಳೂರಿಗಿಂತ ಸುಮಾರು ಹದಿನೈದು ಡಿಗ್ರಿ ಪೂರ್ವಕ್ಕಿರುವ ದ್ವೀಪಗಳಿವು. ಹಗಲು ಒಂದು ಗಂಟೆ ಮೊದಲೇ ಶುರುವಾಗಿ ಮೊದಲೇ ಮುಗಿಯುತ್ತದೆ, ಗಡಿಯಾರ ಮಾತ್ರ ನಮ್ಮದೇ. ನಿಧಾನವಾಗಿ ಎದ್ದು, ತಿಂಡಿ ತಿಂದು, ಹತ್ತೂವರೆಗೆ ಕಾರು ಹತ್ತುವ ನಮ್ಮ ರಜೆಯ ಪದ್ಧತಿ ಅಲ್ಲಿ ನಡೆಯುವುದಿಲ್ಲ. ನಾನು, ನನ್ನ ಹೆಂಡತಿ, ಮಗಳು ಮತ್ತು ಮೊಣಕಾಲು ನೋವಿನ ಅಮ್ಮ ಹೊರಟಾಗ ಇಡೀ ಪ್ರವಾಸವನ್ನು ಒಂದೇ ಲೆಕ್ಕದ ಮೇಲೆ ಹೂಡಿದ್ದೆವು: ಬೆಳಗ್ಗೆ ಆರಕ್ಕೆ ಹೊರಗೆ, ಸಂಜೆ ಆರಕ್ಕೆ ರೂಮಿನೊಳಗೆ. ಬೇಗ ಏಳುವ ಅಮ್ಮನಿಗೆ ಇದರಿಂದ ಪರಮ ಸಂತೋಷ. ಮಗಳ ಮುಖ ಮಾತ್ರ ಪ್ರತಿ ಬೆಳಗ್ಗೆ ಊದಿಕೊಂಡಿರುತ್ತಿತ್ತು.

ಹೆಸರುಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟಿನಲ್ಲಿ ಒಂದು ಹೆಸರು, ಆಟೋದವರ ಬಾಯಲ್ಲಿ ಇನ್ನೊಂದು. ಎರಡನ್ನೂ ತಿಳಿದುಕೊಂಡಿರಿ, ಜೆಟ್ಟಿಯಲ್ಲಿ ಗಾಬರಿಯಾಗುವುದಿಲ್ಲ. ಭಾರತೀಯರಿಗೆ ಈ ಪ್ರವಾಸಿ ದ್ವೀಪಗಳಿಗೆ ಪರ್ಮಿಟ್ ಬೇಡ, ಆದರೆ ಮೂಲ ಗುರುತಿನ ಚೀಟಿ ಪ್ರತಿಯೊಬ್ಬರ ಕೈಯಲ್ಲೂ ಇರಬೇಕು. ಫೆರ್ರಿ ಹತ್ತುವಾಗ ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ ಇದೆ. ನಿಕೋಬಾರ್ ಕತೆ ಬೇರೆ. ಬುಡಕಟ್ಟು ಪ್ರದೇಶದ ಪಾಸ್ ಇಲ್ಲದೆ ಅಲ್ಲಿಗೆ ಹೋಗುವಂತಿಲ್ಲ.

ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕಿಗೆ ಖಾಸಗಿ ಕ್ಯಾಟಮರಾನ್‌ನಲ್ಲಿ ಸುಮಾರು ಎರಡು ಗಂಟೆ. ಸರ್ಕಾರಿ ಹಡಗು ಅಗ್ಗ, ನಿಧಾನ, ಟಿಕೆಟ್ ಸಿಗುವುದು ಕಷ್ಟ. ನಾವು ಹೋದ ದಿನ ಬಂದರು ದಾಟಿದ್ದೇ ತಡ, ಅಲೆ ಶುರುವಾಯಿತು. ಸಿಬ್ಬಂದಿ ಕಾಗದದ ಚೀಲ ಹಂಚುತ್ತ ಬಂದರು. ಅರ್ಧ ಗಂಟೆಯಲ್ಲಿ ನಮ್ಮ ಮುಂದಿನ ಸಾಲು ಪೂರ್ತಿ ಅದರೊಳಗೆ ಮುಖ ಹುದುಗಿಸಿತ್ತು. ವಾಂತಿ ಮಾತ್ರೆ ಕೆಲಸ ಮಾಡುವುದು ಹೊರಡುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ನುಂಗಿದರೆ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಅಮ್ಮನಿಗೆ ಬಿಪಿ ಮಾತ್ರೆ ಇರುವುದರಿಂದ ಊರಿನಲ್ಲೇ ಡಾಕ್ಟರನ್ನು ಕೇಳಿಕೊಂಡು ಬಂದಿದ್ದೆವು. ಕೆಳ ಅಂತಸ್ತಿನ ಮಧ್ಯದ ಸೀಟು ಕೇಳಿ ಪಡೆಯಿರಿ, ಓಲಾಟ ಅಲ್ಲಿ ಕಡಿಮೆ. ಮೊಬೈಲ್ ನೋಡಬೇಡಿ. ಕಿಟಕಿಯಾಚೆ ದೂರದ ದಿಗಂತ ನೋಡುತ್ತಿದ್ದರೆ ತಲೆ ತಕ್ಕಮಟ್ಟಿಗೆ ನಿಲ್ಲುತ್ತದೆ.

ಸಣ್ಣ ದೋಣಿಗಳ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಬಳಿಯೇ ಪ್ರವಾಸಿ ದೋಣಿಯೊಂದು ಮುಳುಗಿ 20ಕ್ಕೂ ಹೆಚ್ಚು ಮಂದಿ ಸತ್ತರು. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿದ್ದರು. ಹ್ಯಾವ್‌ಲಾಕಿನ ಎಲಿಫೆಂಟ್ ಬೀಚಿಗೆ ಹೋಗುವ ದೋಣಿಯಲ್ಲಿ ಮಗಳಿಗೆ ಕೊಟ್ಟ ಲೈಫ್ ಜಾಕೆಟ್ಟಿನ ಕೆಳಗಿನ ಬಕಲ್ ಮುರಿದಿತ್ತು. "ಹತ್ತೇ ನಿಮಿಷದ ದಾರಿ ಸಾರ್" ಎಂದ ದೋಣಿಯವ. ಬೇರೆ ಜಾಕೆಟ್ ಬರುವವರೆಗೆ ನಾವು ಹತ್ತಲಿಲ್ಲ. ಹಿಂದಿನವರು ಗೊಣಗಿದರು. ಗೊಣಗಲಿ. ಮಗುವಿನ ಜಾಕೆಟ್ ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಕಿವಿಯವರೆಗೆ ಸರಿದು ಬಂದರೆ ಅದು ದೊಡ್ಡವರ ಅಳತೆಯದ್ದು.

ಹ್ಯಾವ್‌ಲಾಕಿನ ರಾಧಾನಗರ ಬೀಚ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಮ್ಮ ಕಾಸರಕೋಡು, ಪಡುಬಿದ್ರಿಗಳ ಜೊತೆಯಲ್ಲೇ 2020ರಲ್ಲಿ, ಸ್ವಚ್ಛ ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ ಅದು. ಹಿಟ್ಟಿನಂಥ ಮರಳು, ಹಿಂದೆ ಆಕಾಶ ಮುಟ್ಟುವ ಮರಗಳು. ಗೋಕರ್ಣದಲ್ಲಿ ಅಲೆಗೆ ಎದೆಯೊಡ್ಡಿದವನಿಗೆ ಈ ತಿಳಿನೀರು ಏನೂ ಅಲ್ಲ ಅನ್ನಿಸಿಬಿಡುತ್ತದೆ. ಆದರೆ ಅಲ್ಲೊಂದು ಮೊಸಳೆಯ ಚಿತ್ರದ ಬೋರ್ಡಿದೆ. ಜನ ಅದರ ಮುಂದೆ ಬಾಯಿ ತೆರೆದು ಸೆಲ್ಫಿ ತೆಗೆದುಕೊಳ್ಳುತ್ತಾರೆ. 2010ರಲ್ಲಿ ಇದೇ ತೀರದ ಪಕ್ಕ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಯುವತಿಯೊಬ್ಬರು ಮೊಸಳೆಗೆ ಬಲಿಯಾದರು. ಅಂಡಮಾನಿನ ಉಪ್ಪುನೀರಿನ ಮೊಸಳೆಯ ಮನೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿನ್ನೀರು. ಆದರೆ ಸಮುದ್ರದಲ್ಲೂ ಸರಾಗವಾಗಿ ಈಜುತ್ತದೆ, ಮುಂಜಾವು ಮುಸ್ಸಂಜೆಗಳಲ್ಲಿ ಹೆಚ್ಚು ಚುರುಕು. ಹಾಗಾಗಿ ಹಳ್ಳ ಬಂದು ಸೇರುವ ಕಡೆ, ಕಾಂಡ್ಲಾ ಗಿಡಗಳ ಹತ್ತಿರ ನೀರಿಗಿಳಿಯಬೇಡಿ. ಜೀವರಕ್ಷಕರು ಗುರುತು ಮಾಡಿದ ಜಾಗದಲ್ಲೇ ಇರಿ, ಅವರು ಸೀಟಿ ಹೊಡೆದರೆ ವಾದಿಸದೆ ಮೇಲೆ ಬನ್ನಿ.

ನನಗೆ ಹ್ಯಾವ್‌ಲಾಕಿಗಿಂತ ನೀಲ್ ಇಷ್ಟವಾಯಿತು. ತರಕಾರಿ ಬೆಳೆಯುವ ಪುಟ್ಟ ದ್ವೀಪ, ಬಂಗಾಳಿ ಮಾತಾಡುವ ರೈತರು, ಸಂಜೆ ಏಳಕ್ಕೆ ಸದ್ದಡಗುವ ಬಜಾರು. ಅಲ್ಲಿನ ಲಕ್ಷ್ಮಣಪುರದ ಕಡೆಯಲ್ಲಿ ಸಮುದ್ರವೇ ಕೊರೆದ ಕಲ್ಲಿನ ಕಮಾನು ಇದೆ. ಅದನ್ನು ನೋಡಬೇಕಾದರೆ ಇಳಿತದ ಸಮಯಕ್ಕೇ ಹೋಗಬೇಕು; ಉಬ್ಬರವಿದ್ದರೆ ದಾರಿಯೇ ನೀರಿನಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಹೆಚ್ಚುಕಡಿಮೆ ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಬಹಳ ದೂರ ಹಿಂದೆ ಸರಿಯುತ್ತದೆ. ಹೋಟೆಲಿನವರಿಗೆ ಆ ದಿನದ ಸಮಯ ಬಾಯಿಪಾಠ ಇರುತ್ತದೆ, ರಾತ್ರಿಯೇ ಕೇಳಿಟ್ಟುಕೊಳ್ಳಿ.

ನೀರು ಸರಿದ ಮೇಲೆ ಉಳಿಯುವುದು ಸತ್ತ ಹವಳದ ನೆಲ. ಗರಗಸದ ಹಾಗೆ ಹರಿತ, ಮೇಲೆ ಪಾಚಿ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರು ಸಾಲಾಗಿ ಜಾರುತ್ತಿದ್ದರು. ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಬೇಕು. ಹವಳ ತರಚಿದ ಗಾಯ ಬೇಗ ಕೀವಾಗುತ್ತದೆ, ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಔಷಧ ಹಚ್ಚಬೇಕು. ಅಮ್ಮ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಗೈಡ್ ಹುಡುಗನ ತೋಳು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಬಂದಳು. ಒಂದು ಹೊಂಡದ ಮುಂದೆ ಅವನು ನಿಲ್ಲಿಸಿದ. ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಂತೆ ಕೂತ ದೈತ್ಯ ಕಪ್ಪೆಚಿಪ್ಪು. ಅಂಚಿನುದ್ದಕ್ಕೂ ಹೊಳೆಯುವ ನೀಲಿ ಮಾಂಸ. ಅಮ್ಮನ ನೆರಳು ಬಿದ್ದದ್ದೇ ತಡ, ಸರಕ್ಕನೆ ಒಳಗೆಳೆದುಕೊಂಡಿತು. "ಅಯ್ಯೋ, ಇದಕ್ಕೆ ನಾಚಿಕೆ ಕಣೋ" ಎಂದಳು. ಪಕ್ಕದ ಗುಂಪಿನಲ್ಲಿ ಒಬ್ಬರು ಸಮುದ್ರ ಸೌತೆ ಎಂಬ ಮೆತ್ತನೆಯ ಜೀವಿಯನ್ನು ಎತ್ತಿ ಫೋಟೋಗೆ ಹಿಡಿದಿದ್ದರು. ಮುಟ್ಟಬೇಡಿ ಎನ್ನುವುದಕ್ಕೆ ಪ್ರಾಣಿದಯೆ ಒಂದೇ ಕಾರಣವಲ್ಲ: ಕೋನಾಕಾರದ ಕೆಲವು ಚೆಂದದ ಶಂಖಗಳೊಳಗಿನ ಜೀವಿಗೆ ಮನುಷ್ಯನನ್ನು ಕೊಲ್ಲುವಷ್ಟು ವಿಷವಿದೆ.

ಹವಳದ ಚೂರನ್ನು ಜೇಬಿಗೆ ಹಾಕಿಕೊಂಡು ಬರುವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತೀರಿ.

ಸ್ಕೂಬಾ ಮಾಡುವವರಿಗೆ ಮೂರು ಮಾತು. ಶೀತ, ಕಿವಿನೋವು ಇದ್ದರೆ ಇಳಿಯಬೇಡಿ. ಆಸ್ತಮಾ, ಹೃದಯದ ತೊಂದರೆ ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ಡೈವ್ ಆದ ಮೇಲೆ ವಿಮಾನ ಹತ್ತುವ ಮುಂಚೆ ಒಂದು ಪೂರ್ತಿ ದಿನ ಬಿಡುವಿರಲಿ. ರಕ್ತದಲ್ಲಿ ಕರಗಿದ ನೈಟ್ರೋಜನ್ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗುತ್ತದೆ.

ಬಾರಾಟಂಗ್‌ಗೆ ಹೋಗಬೇಕೋ ಬೇಡವೋ ಎಂಬುದರಲ್ಲಿ ಮನೆಯಲ್ಲೇ ಎರಡು ಅಭಿಪ್ರಾಯ. ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ ನೋಡಲು ಜನ ಹೋಗುತ್ತಾರೆ. ಆ ರಸ್ತೆ ಹಾದುಹೋಗುವುದು ಜಾರವಾ ಎಂಬ ಬುಡಕಟ್ಟು ಜನರ ಕಾಡಿನೊಳಗೆ. ಜಿರ್ಕಾಟಂಗ್‌ನಿಂದ ಪೊಲೀಸ್ ಬೆಂಗಾವಲಿನಲ್ಲಿ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಅವರ ರಕ್ಷಣೆಗೆಂದು 1956ರಿಂದಲೂ ನಿಯಮವಿದೆ. ಏಜೆಂಟರೊಬ್ಬರು "ಲಕ್ ಇದ್ದರೆ ಕಾಣಿಸ್ತಾರೆ" ಎಂದರು. ಆ ಮಾತು ಕೇಳಿಯೇ ನಾವು ಆ ದಿನ ಸೆಲ್ಯುಲಾರ್ ಜೈಲಿನಲ್ಲಿ ಕಳೆದೆವು.

ಸಣ್ಣಪುಟ್ಟವು ಒಂದಿಷ್ಟು. ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದದ್ದು 2020ರಲ್ಲಿ. ಆಮೇಲೆ ಇಂಟರ್ನೆಟ್ ಸುಧಾರಿಸಿದೆ, ಆದರೂ ಎಳನೀರಿಗೆ ಯುಪಿಐ ಮಾಡಲು ಹೋಗಿ ಚಕ್ರ ತಿರುಗುವುದನ್ನೇ ನೋಡುತ್ತ ನಿಲ್ಲಬೇಕಾಗುತ್ತದೆ. ನೋಟು ಇಟ್ಟುಕೊಳ್ಳಿ. ಮರಳುನೊಣ ಕಚ್ಚಿದ್ದು ಆ ಕ್ಷಣ ಗೊತ್ತಾಗುವುದಿಲ್ಲ, ತುರಿಕೆ ಮರುದಿನ. ಕಾಲಿಗೆ ಕೊಬ್ಬರಿ ಎಣ್ಣೆ ಬಳಿದುಕೊಳ್ಳುವುದು ಅಲ್ಲಿನವರ ಉಪಾಯ, ಅಮ್ಮನಿಗೆ ಚೆನ್ನಾಗಿ ಒಗ್ಗಿತು. ಇದು ಭೂಕಂಪದ ನಾಡು, 2004ರ ಸುನಾಮಿ ಕಂಡದ್ದು. ನೆಲ ಜೋರಾಗಿ, ತುಂಬ ಹೊತ್ತು ನಡುಗಿದರೆ ಸೈರನ್‌ಗೆ ಕಾಯದೆ ಎತ್ತರಕ್ಕೆ ನಡೆಯಿರಿ. ಯಾವ ದಿಕ್ಕಿಗೆ ಎಂದು ರೂಮಿಗೆ ಬಂದ ದಿನವೇ ನೋಡಿಟ್ಟುಕೊಳ್ಳಿ.

ಕೊನೆಯ ರಾತ್ರಿಯನ್ನು ಮಾತ್ರ ಪೋರ್ಟ್ ಬ್ಲೇರಿನಲ್ಲೇ ಇಟ್ಟುಕೊಳ್ಳಿ. ಬೆಳಗ್ಗೆ ಹ್ಯಾವ್‌ಲಾಕ್ ಬಿಟ್ಟು ಮಧ್ಯಾಹ್ನ ವಿಮಾನ ಹಿಡಿಯುವ ಪ್ಯಾಕೇಜುಗಳನ್ನು ಧಾರಾಳವಾಗಿ ಮಾರುತ್ತಾರೆ. ಗಾಳಿ ಎದ್ದರೆ ಫೆರ್ರಿಯೇ ಇಲ್ಲ. 2016ರ ಡಿಸೆಂಬರಿನಲ್ಲಿ ಹವಾಮಾನ ಕೆಟ್ಟು ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ನೌಕಾಪಡೆಯ ಹಡಗುಗಳೇ ಬಂದು ಕರೆತರಬೇಕಾಯಿತು. ಮೇ ತಿಂಗಳಿಂದ ಮಳೆಗಾಲ, ನವೆಂಬರ್ ಡಿಸೆಂಬರಿನಲ್ಲಿ ಚಂಡಮಾರುತದ ಭಯ. ಜನವರಿಯಿಂದ ಏಪ್ರಿಲ್ ಅಷ್ಟೇ ಸ್ವಲ್ಪ ನಿಶ್ಚಿಂತೆ. ನಮ್ಮ ಫೆರ್ರಿ ಸರಿಯಾದ ಸಮಯಕ್ಕೇ ಬಂತು. ಉಳಿದ ಅರ್ಧ ದಿನ ಅಬರ್ಡೀನ್ ಬಜಾರಿನಲ್ಲಿ ಸುತ್ತಿದೆವು. ಅಮ್ಮ ದೋಸೆ ಸಿಗುವ ಒಂದು ತಮಿಳರ ಹೋಟೆಲ್ ಹುಡುಕಿದಳು, ಮಗಳು ಮಧ್ಯಾಹ್ನವೆಲ್ಲ ನಿದ್ದೆ ಹೊಡೆದಳು.