ಅಕ್ಕನ ಎರಡು ಕಿಡ್ನಿಗಳು

ನಾಳೆ ಬ್ಲಡ್ ಟೆಸ್ಟ್ ಇದೆ. ಹಾಕಿಸಿಕೊಂಡ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಅನ್ನೋ ಮಾತ್ರೆಯನ್ನು ಬೆಳಿಗ್ಗೆ ನುಂಗದೆ, ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಅರಸೀಕೆರೆಯಲ್ಲಿ ಬೆಂಗಳೂರಿನ ರೈಲು ಹತ್ತಬೇಕು. ರಾತ್ರಿಯ ಮಾತ್ರೆ ತಗೊಂಡು ಸುಮಾರು 12 ಗಂಟೆ ಆದಮೇಲೆ ರಕ್ತ ಕೊಟ್ಟು, ಆಮೇಲೆ ನುಂಗಬೇಕು. ಮೊದಲೇ ನುಂಗಿದರೆ ರಕ್ತದಲ್ಲಿ ಮಾತ್ರೆಯ ಲೆವೆಲ್ ಜಾಸ್ತಿ ತೋರಿಸಿಬಿಡುತ್ತೆ. 2009ರಿಂದ ಇದೇ ಪಾಠ.

ಆ ವರ್ಷ ಅಕ್ಕ ನನಗೆ ಕಿಡ್ನಿ ಕೊಟ್ಟಳು. ಅದು ಹೊಟ್ಟೆಯ ಬಲಗಡೆ, ಪಂಚೆ ಕಟ್ಟುವ ಜಾಗದ ಕೆಳಗೆ ಇದೆ. ಕೈಯಿಟ್ಟರೆ ಗಟ್ಟಿಯಾಗಿ ಸಿಗುತ್ತದೆ. ನನ್ನ ಹಳೆಯ ಎರಡೂ ಬೆನ್ನಿನ ಕಡೆ ಹಾಗೇ ಇವೆ, ಯಾರೂ ತೆಗೆಯಲಿಲ್ಲ. "ಈಗ ಪೂರ್ತಿ ವಾಸಿ ಆಯ್ತಲ್ವಾ?" ಅಂತ ಜನ ಕೇಳುತ್ತಾರೆ. ಡಯಾಲಿಸಿಸ್ ತಪ್ಪಿತು, ಅದೇ ದೊಡ್ಡ ಪುಣ್ಯ. ಆದರೆ ನನ್ನ ಮೈ ಇವತ್ತಿಗೂ ಈ ಕಿಡ್ನಿಯನ್ನು ಹೊರಗಿನದು ಅಂತಲೇ ನೋಡುತ್ತದೆ. ಮಾತ್ರೆ ಇರುವುದರಿಂದ ಸುಮ್ಮನಿದೆ. ಮಾತ್ರೆಯೂ ಸುಮ್ನೆ ಬಿಡುವುದಿಲ್ಲ: ಮೂರನೇ ವರ್ಷ ಶುಗರ್ ಬಂತು, ಏಳನೇ ವರ್ಷ ಸರ್ಪಸುತ್ತು. ನನ್ನ ಜೊತೆ ಆಪರೇಷನ್ ಆದ ಹುಡುಗನೊಬ್ಬ ಐದು ವರ್ಷ ಚೆನ್ನಾಗಿದ್ದು, ಇನ್ಯಾಕೆ ಅಂತ ಮಾತ್ರೆ ಬಿಟ್ಟ. ನೋವಿಲ್ಲ, ಜ್ವರವಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ಕಿಡ್ನಿ ಸೋತರೆ ಏರುತ್ತೆ) ನೋಡಿಸುವ ಹೊತ್ತಿಗೆ ತಡವಾಗಿತ್ತು. ಮತ್ತೆ ಡಯಾಲಿಸಿಸ್. ಅವನನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಆದರೆ ಇವತ್ತು ಬರೆಯೋಕೆ ಕೂತಿದ್ದು ಅಕ್ಕನ ಬಗ್ಗೆ.

ನನ್ನ ಕ್ರಿಯಾಟಿನಿನ್ 1.4 ಅಂತ ನಂಟರಿಗೆಲ್ಲ ಬಾಯಿಪಾಠ. ಅಕ್ಕನದು ಎಷ್ಟು? ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೊದಲ ವರ್ಷ ಅವಳನ್ನು ಎರಡು ಸಲ ಚೆಕಪ್‌ಗೆ ಕರೆದರು. ಆಮೇಲೆ ಅವರೂ ಕರೆಯಲಿಲ್ಲ, ನಾವೂ ಹೋಗಲಿಲ್ಲ.

ಕಳೆದ ದೀಪಾವಳಿಗೆ ತಿಪಟೂರಿನ ಅವಳ ಮನೆಗೆ ಹೋಗಿದ್ದೆ. ಊಟ ಆದಮೇಲೆ ಎಲೆ ಅಡಿಕೆ ಡಬ್ಬಿ ತೆಗೆದೆ. ಸುಣ್ಣದ ಡಬ್ಬಿಯ ಪಕ್ಕ ಡೈಕ್ಲೋಫಿನಾಕ್ ಸ್ಟ್ರಿಪ್. ಹತ್ತರಲ್ಲಿ ಏಳು ಖಾಲಿ.

"ಮಂಡಿ ನೋವು ಕಣೋ. ಮೆಡಿಕಲ್ ಸ್ಟೋರಲ್ಲಿ ಕೊಟ್ರು. ನಿನ್ನ ಕಿಡ್ನಿ ನೋಡ್ಕೋ ನೀನು."

ನನಗೆ ಮಾತೇ ಹೊರಡಲಿಲ್ಲ. ನೋವಿನ ಮಾತ್ರೆ ಮುಟ್ಟಬಾರದು ಅಂತ ನನಗೆ ನೂರು ಸಲ ಹೇಳಿದ್ದಾರೆ. ಒಂಟಿ ಕಿಡ್ನಿಯವಳಿಗೆ ಹೇಳಿದವರು ಯಾರು?

ಒಂದು ಕೊಟ್ಟ ಮೇಲೆ ಉಳಿದದ್ದು ಸ್ವಲ್ಪ ದೊಡ್ಡದಾಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದಲ್ಲಿ ಸುಮಾರು ನೂರಕ್ಕೆ 70ರಷ್ಟನ್ನು ತಾನೇ ಹೊರುತ್ತದೆ. ಬದುಕಿಗೆ ಅದು ಧಾರಾಳ. 1954ರಲ್ಲಿ ಬಾಸ್ಟನ್‌ನಲ್ಲಿ ತನ್ನ ಅವಳಿ ಸಹೋದರನಿಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್ 2010ರವರೆಗೆ, ಅಂದರೆ ಮತ್ತೆ 56 ವರ್ಷ ಬದುಕಿದ್ದರು. ಪಡೆದ ರಿಚರ್ಡ್ ಬದುಕಿದ್ದು ಎಂಟು ವರ್ಷ. ಕೊಟ್ಟವರ ದಾರಿಯೇ ಉದ್ದ. ಅಷ್ಟು ದೂರ ಬಿಪಿ, ಶುಗರ್, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆಯಾ ಅಂತ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕಲ್ವಾ?

ಮರುವಾರವೇ ಕರೆದುಕೊಂಡು ಹೋದೆ. ಕ್ರಿಯಾಟಿನಿನ್ 1.1, ಪ್ರೋಟೀನ್ ಇಲ್ಲ. ಬಿಪಿ ಮಾತ್ರ 160. ಯಾವಾಗಿಂದ ಇತ್ತೋ! ಈಗ ಬಿಪಿ ಮಾತ್ರೆ ತಗೊಳ್ಳುತ್ತಾಳೆ. ಮಂಡಿಗೆ ಬಿಸಿ ಶಾಖ, ಡಾಕ್ಟರ್ ಹೇಳಿದ ವ್ಯಾಯಾಮ.

ನಾಳೆ ಅಕ್ಕನೂ ತಿಪಟೂರಿನಲ್ಲಿ ಅದೇ ರೈಲು ಹತ್ತುತ್ತಾಳೆ. ಅವಳಿಗೂ ಟೆಸ್ಟ್ ಬರೆಸಿದ್ದೇನೆ. ಚಿತ್ರಾನ್ನ ಕಟ್ಟಿಕೊಂಡು ಬರ್ತಾಳಂತೆ. ಇಬ್ಬರೂ ರಕ್ತ ಕೊಟ್ಟ ಮೇಲೆ ಡಬ್ಬಿ ಬಿಚ್ಚೋದು ಅಂತ ಹೇಳಿದ್ದೇನೆ.