ಸಂಚಾರದ ಹಕ್ಕು ಮತ್ತು ಚಾಲನೆಯ ಅನುಮತಿ

ಯಾರದಾದರೂ ಚಾಲನಾ ಪರವಾನಗಿ ಅಮಾನತಾದ ಸುದ್ದಿ ಬಂದಾಗಲೆಲ್ಲ, ವಾಹನ ಓಡಿಸುವುದು ಪ್ರಜೆಯ ಹಕ್ಕಲ್ಲವೇ, ಅದನ್ನು ಕಸಿದುಕೊಳ್ಳಲು ಸರ್ಕಾರಕ್ಕೆ ಏನು ಅಧಿಕಾರ ಎಂದು ಕೇಳುವವರಿದ್ದಾರೆ. ದೇಶದ ಉದ್ದಗಲಕ್ಕೂ ಮುಕ್ತವಾಗಿ ಸಂಚರಿಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ ಎಂಬುದು ಅವರ ವಾದಕ್ಕೆ ಆಧಾರ. ಆದರೆ ಸಂಚಾರವೇ ಬೇರೆ, ಚಾಲನೆಯೇ ಬೇರೆ. ನನ್ನ ತಾಯಿ ಜೀವಮಾನದಲ್ಲಿ ಒಮ್ಮೆಯೂ ಸ್ಟಿಯರಿಂಗ್ ಹಿಡಿದವರಲ್ಲ. ಅವರ ಓಡಾಟವೆಲ್ಲ ನಡಿಗೆಯಲ್ಲಿ, ಇಲ್ಲವೇ ಸರ್ಕಾರಿ ಬಸ್ಸಿನಲ್ಲಿ. ಹಾಗೆಂದು ಅವರ ಸಂಚಾರ ಸ್ವಾತಂತ್ರ್ಯ ಕಾರು ಇದ್ದವರದಕ್ಕಿಂತ ಕಡಿಮೆಯಾಗಲು ಸಾಧ್ಯವೇ? ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದಾಗ, ಎಷ್ಟೋ ಹೆಂಗಸರಿಗೆ ಆ ಸ್ವಾತಂತ್ರ್ಯ ಕೈಗೆಟುಕಿದ್ದು ಯಾವ ಪರವಾನಗಿಯ ಹಂಗೂ ಇಲ್ಲದೆ.

ಚಾಲನೆಯ ವಿಷಯದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಮಾತು ನೇರವಾಗಿದೆ: ಊರ್ಜಿತ ಪರವಾನಗಿ ಇಲ್ಲದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಇದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಮತ್ತು ಅವರಲ್ಲಿ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು. ಫುಟ್‌ಪಾತ್ ಮೇಲೆ ನಿರ್ಭಯವಾಗಿ ನಡೆಯುವುದು 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ರಸ್ತೆಯ ಮೇಲೆ ಹಕ್ಕು ಯಾರದು ಎಂದು ಕೇಳಿದರೆ ನಾನು ಮೊದಲು ಬೆರಳು ತೋರಿಸುವುದು ಆ ನಡೆಯುವವರ ಕಡೆಗೇ. ವಾಹನ ಓಡಿಸುವವರಿಗೆ ಸಿಕ್ಕಿರುವುದು ಷರತ್ತುಬದ್ಧ ಅನುಮತಿ.

ಇಷ್ಟನ್ನು ಒಪ್ಪಿಕೊಂಡ ಕೂಡಲೇ ಕೆಲವರು ಇನ್ನೊಂದು ತುದಿಗೆ ಜಿಗಿದು, ಪರವಾನಗಿ ಎಂದರೆ ಸರ್ಕಾರದ ಕೃಪೆ, ಮನಸ್ಸಿದ್ದರೆ ಕೊಡಬಹುದು, ಇಲ್ಲದಿದ್ದರೆ ಇಲ್ಲ ಎನ್ನುತ್ತಾರೆ. ಇದು ಮೊದಲಿನ ವಾದಕ್ಕಿಂತ ಅಪಾಯಕಾರಿ. ನಿಗದಿತ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ, ಬೇರೆ ಅನರ್ಹತೆ ಇಲ್ಲದಿದ್ದರೆ, ಪರವಾನಗಿಯನ್ನು ಕೊಡಲೇಬೇಕು. ಕುಡಿತದ ಚಟವೋ ಅಪಾಯಕಾರಿ ಚಾಲನೆಯೋ ಕಾರಣವಾಗಿ ಅದನ್ನು ರದ್ದುಪಡಿಸುವಾಗಲೂ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪರವಾನಗಿ ಪ್ರಾಧಿಕಾರವು ಪರವಾನಗಿದಾರರ ಅಹವಾಲು ಕೇಳಿ, ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು. ಆ ಆದೇಶದ ವಿರುದ್ಧ ಮೇಲ್ಮನವಿಗೂ ಅವಕಾಶವಿದೆ. ಚಾಲನೆ ಹಕ್ಕಲ್ಲದಿರಬಹುದು, ಆದರೆ ಅರ್ಹತೆಯನ್ನು ನ್ಯಾಯವಾಗಿ ಅಳೆಯಿರಿ ಎಂದು ಕೇಳುವುದು ಖಂಡಿತವಾಗಿ ಹಕ್ಕು.

ಈ ಹಕ್ಕಿನ ಬೆಲೆ ಚೆನ್ನಾಗಿ ಗೊತ್ತಿರುವುದು ಕಿವುಡರಿಗೆ. ಚಾಲನೆಯಿಂದ ಸಾರ್ವಜನಿಕರಿಗೆ ಅಪಾಯವಾಗುವಂಥ ಅಂಗವೈಕಲ್ಯ ಇರುವವರಿಗೆ ಪರವಾನಗಿ ನಿರಾಕರಿಸಬಹುದು ಎಂಬ ನಿಯಮವನ್ನು ಮುಂದಿಟ್ಟು, ಕಿವಿ ಕೇಳದವರನ್ನು ಪರೀಕ್ಷೆಗೂ ಕೂರಿಸದೆ ವಾಪಸು ಕಳುಹಿಸಲಾಗುತ್ತಿತ್ತು. ಕಿವುಡರ ರಾಷ್ಟ್ರೀಯ ಸಂಘ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಕಿವುಡರಿಗೂ ಪರೀಕ್ಷೆಯ ಅವಕಾಶ ಕೊಡಬೇಕು, ಉತ್ತೀರ್ಣರಾದರೆ ಪರವಾನಗಿಯನ್ನೂ ಕೊಡಬೇಕು ಎಂದು 2011ರಲ್ಲಿ ನ್ಯಾಯಾಲಯ ಹೇಳಿತು. ಆ ತೀರ್ಪಿನಲ್ಲಿ ನನಗೆ ಮೆಚ್ಚುಗೆಯಾಗುವುದು ಅದು ಯಾರಿಗೂ ರಿಯಾಯಿತಿ ತೋರಿಸದಿರುವುದು. ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ಮಾನದಂಡ. ಊಹೆಯ ಮೇಲೆ ಬಾಗಿಲು ಮುಚ್ಚುವಂತಿಲ್ಲ. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ 2020ರಲ್ಲಿ ನಿಯಮ ಸಡಿಲಿಸಿ ಅವಕಾಶ ಮಾಡಿಕೊಡಲಾಯಿತು.

ಆದರೆ ಪರೀಕ್ಷೆಯೇ ಹೆಸರಿಗೆ ಮಾತ್ರ ನಡೆದರೆ ಈ ಮಾತಿಗೆಲ್ಲ ಏನು ಅರ್ಥ? ಏಜೆಂಟರ ಕೈಗೆ ಹಣ ಕೊಟ್ಟು, ಮೈದಾನದಲ್ಲಿ ನಾಲ್ಕು ಮಾರು ಗಾಡಿ ಓಡಿಸಿ ಡಿಎಲ್ ಪಡೆದವರು ನಮ್ಮ ನಡುವೆ ಎಷ್ಟು ಮಂದಿಯಿದ್ದಾರೆ ಎಂದು ಪ್ರತಿ ಮನೆಯವರೂ ಬಲ್ಲರು. ಹದಿನೆಂಟು ತುಂಬದ ಮಗನ ಕೈಗೆ ಕಾರಿನ ಕೀಲಿ ಕೊಡುವ ತಂದೆತಾಯಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಅಷ್ಟು ಕಠಿಣ ಕಾನೂನಿದ್ದರೂ ಶಾಲೆಯ ಸಮವಸ್ತ್ರದಲ್ಲೇ ಸ್ಕೂಟರ್ ಓಡಿಸುವ ಮಕ್ಕಳು ನಮ್ಮ ಊರುಗಳಲ್ಲಿ ಕಣ್ಣಿಗೆ ಬೀಳುತ್ತಲೇ ಇದ್ದಾರೆ, ಮತ್ತು ಅದನ್ನು ಮನೆಯವರು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಪರವಾನಗಿ ಅಮಾನತಿನ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. ಮೂರು ತಿಂಗಳು ಪರವಾನಗಿ ಅಮಾನತಾದರೆ, ಅನುಕೂಲಸ್ಥರು ಅಷ್ಟು ದಿನಗಳ ಮಟ್ಟಿಗೆ ಚಾಲಕನೊಬ್ಬನನ್ನು ನೇಮಿಸಿಕೊಂಡು ಅದೇ ಕಾರಿನಲ್ಲಿ ಹಿಂದೆ ಕೂರುತ್ತಾರೆ. ಬಾಡಿಗೆ ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುವವನಿಗೆ ಅದೇ ಮೂರು ತಿಂಗಳು ಎಂದರೆ ಸಾಲದ ಕಂತು, ಮಕ್ಕಳ ಶಾಲೆಯ ಫೀಸು, ಮನೆ ಬಾಡಿಗೆ ಎಲ್ಲವೂ ನಿಂತಂತೆ. ಅವನು ಕುಡಿದು ಓಡಿಸಿದ್ದರೆ ಪರವಾನಗಿ ಹೋಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾಯ್ದೆ ಕೊಟ್ಟಿರುವ ಆ ವಿಚಾರಣೆ, ಆ ಲಿಖಿತ ಕಾರಣ, ಆ ಮೇಲ್ಮನವಿ ಅವನಿಗೆ ಅರ್ಥವಾಗುವ ಕನ್ನಡದಲ್ಲಿ, ಮಧ್ಯವರ್ತಿಗಳ ಕೈಕಾಲು ಹಿಡಿಯದೆ ಸಿಗುವಂತಿರಬೇಕು.